ಸಾನ್ ಸೆಬಾಸ್ಟಿಯನ್: ಎರಡು ನುಡಿಯ ಕಡಲೂರಿನಲ್ಲಿ ಓದು

ಸ್ಪೇನಿನ ಉತ್ತರ ತೀರದಲ್ಲಿ, ಬಿಸ್ಕೆ ಕೊಲ್ಲಿಗೆ ಮುಖಮಾಡಿ, ಫ್ರಾನ್ಸ್ ಗಡಿಯಿಂದ ಸುಮಾರು 20 ಕಿಲೊಮೀಟರ್ ದೂರದಲ್ಲಿರುವ ಊರು ಸಾನ್ ಸೆಬಾಸ್ಟಿಯನ್. ಗಿಪುಸ್ಕೊವಾ ಪ್ರಾಂತ್ಯದ ರಾಜಧಾನಿಯಾದ ಈ ಊರನ್ನು ಇಲ್ಲಿನ ಬಾಸ್ಕ್ ಜನ ತಮ್ಮ ನುಡಿಯಲ್ಲಿ ದೊನೊಸ್ತಿಯಾ ಎನ್ನುತ್ತಾರೆ. ಎರಡೂ ಹೆಸರು ಅಧಿಕೃತ. ಬೀದಿ ಫಲಕ, ಬಸ್ಸಿನ ಪ್ರಕಟಣೆ, ವಿಶ್ವವಿದ್ಯಾಲಯದ ಕಾಗದಪತ್ರ ಎಲ್ಲದರಲ್ಲೂ ಸ್ಪ್ಯಾನಿಷ್ ಮತ್ತು ಬಾಸ್ಕ್ ಅಕ್ಕಪಕ್ಕದಲ್ಲಿರುತ್ತವೆ. ಜನಸಂಖ್ಯೆ ಎರಡು ಲಕ್ಷಕ್ಕೂ ಕಡಿಮೆ; ಬೆಂಗಳೂರಿನಲ್ಲಾದರೆ ಒಂದು ವಿಧಾನಸಭಾ ಕ್ಷೇತ್ರದೊಳಗೆ ಮುಗಿದುಹೋಗುವ ಲೆಕ್ಕ. ಇಷ್ಟು ಸಣ್ಣ ಊರಿನಲ್ಲಿ ಮೂರು ವಿಶ್ವವಿದ್ಯಾಲಯಗಳ ಕ್ಯಾಂಪಸ್‌ಗಳು, ಪಾಕಶಾಸ್ತ್ರಕ್ಕೆಂದೇ ಒಂದು ಪದವಿ ಕಾಲೇಜು, ಒಂದು ಉನ್ನತ ಸಂಗೀತ ಶಾಲೆ ಮತ್ತು ಹೆಸರಾಂತ ಸಂಶೋಧನಾ ಕೇಂದ್ರಗಳಿವೆ.

ಸ್ಪ್ಯಾನಿಷ್ ಕಲಿಯಲೆಂದು ಹೋಗುವ ವಿದೇಶಿ ವಿದ್ಯಾರ್ಥಿಗಳಿಗೆ ಈ ಊರು ಸ್ಪ್ಯಾನಿಷ್ ಕಲಿಸುತ್ತದೆ. ಅದರ ಜೊತೆಗೆ, ಅಳಿವಿನ ಅಂಚಿಗೆ ಸರಿದಿದ್ದ ಬಾಸ್ಕ್ ಎಂಬ ಸಣ್ಣ ಭಾಷೆಯನ್ನು ಮನೆಯಿಂದ ಶಾಲೆಗೆ, ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಕಂಪ್ಯೂಟರ್‌ಗೆ ಹೇಗೆ ತರಲಾಯಿತು ಎಂಬುದನ್ನೂ ಕಣ್ಣೆದುರೇ ತೋರಿಸುತ್ತದೆ. ಕರ್ನಾಟಕದಿಂದ ಹೋಗುವವರಿಗೆ ಈ ಎರಡನೆಯ ಪಾಠ ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಸುಟ್ಟು ಮತ್ತೆ ಕಟ್ಟಿದ ಊರು

ಈಗ ಕಾಣುವ ಸಾನ್ ಸೆಬಾಸ್ಟಿಯನ್ ಬಹುಪಾಲು 19ನೇ ಶತಮಾನದ್ದು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ, 1813ರ ಆಗಸ್ಟ್ 31ರಂದು, ಫ್ರೆಂಚರ ಹಿಡಿತದಲ್ಲಿದ್ದ ಊರಿಗೆ ಆಂಗ್ಲ–ಪೋರ್ಚುಗೀಸ್ ಸೇನೆ ನುಗ್ಗಿತು. ಬಿಡಿಸಲು ಬಂದವರೇ ಊರನ್ನು ಲೂಟಿ ಮಾಡಿ ಬೆಂಕಿ ಹಚ್ಚಿದರು. ಉರ್ಗುಲ್ ಗುಡ್ಡದ ಬುಡದ ಒಂದು ಬೀದಿಯಲ್ಲಿ ಮಾತ್ರ ಕೆಲವು ಮನೆಗಳು ಉಳಿದವು. ಆ ಬೀದಿಗೆ ಇಂದಿಗೂ ಆಗಸ್ಟ್ 31ರ ಬೀದಿ ಎಂದೇ ಹೆಸರು. 1863ರಲ್ಲಿ ಕೋಟೆಗೋಡೆ ಕೆಡವಿದ ಮೇಲೆ ಊರು ಹೊರಕ್ಕೆ ಹರಡಿತು. ಸಮುದ್ರಸ್ನಾನಕ್ಕೆಂದು ರಾಣಿ ಎರಡನೇ ಇಸಾಬೆಲ್ ಇಲ್ಲಿಗೆ ಬರತೊಡಗಿದ್ದರಿಂದ ರಾಜಮನೆತನದ ಹಿಂದೆಯೇ ಸಿರಿವಂತರೂ ಬಂದರು. ರಾಣಿ ಮರಿಯಾ ಕ್ರಿಸ್ಟಿನಾ ಕಟ್ಟಿಸಿದ ಮಿರಾಮಾರ್ ಅರಮನೆಯಲ್ಲಿ (1893) ಈಗ ಬಾಸ್ಕ್ ನಾಡಿನ ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸ್‌ಗಳು ನಡೆಯುತ್ತವೆ.

ಊರಿನ ನಕ್ಷೆ ಸುಲಭವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಪೂರ್ವಕ್ಕೆ ಉರ್ಗುಲ್, ಪಶ್ಚಿಮಕ್ಕೆ ಇಗೆಲ್ಡೊ ಎಂಬ ಎರಡು ಗುಡ್ಡಗಳು. ನಡುವೆ ಅರ್ಧಚಂದ್ರಾಕಾರದ ಕೊಂಚಾ ಕೊಲ್ಲಿ. ಕೊಲ್ಲಿಯ ಬಾಯಲ್ಲಿ ಸಾಂತಾ ಕ್ಲಾರಾ ಎಂಬ ಪುಟ್ಟ ದ್ವೀಪ. ಊರನ್ನು ಸೀಳಿ ಸಮುದ್ರ ಸೇರುವ ಉರುಮೇಯಾ ನದಿಯ ಆಚೆ ಗ್ರೋಸ್ ಬಡಾವಣೆ ಮತ್ತು ಅಲೆಯಾಟಕ್ಕೆ ಹೆಸರಾದ ಸುರಿಯೋಲಾ ಕಡಲತೀರ ಇವೆ. ಕೊಂಚಾದ ಪಶ್ಚಿಮ ತುದಿಯ ಬಂಡೆಗಳಿಗೆ, ಇದೇ ಊರಿನಲ್ಲಿ ಹುಟ್ಟಿದ ಶಿಲ್ಪಿ ಎದ್ವಾರ್ದೊ ಚಿಲ್ಲಿದಾ 1970ರ ದಶಕದಲ್ಲಿ ಮೂರು ಭಾರಿ ಉಕ್ಕಿನ ಶಿಲ್ಪಗಳನ್ನು ನೆಟ್ಟರು. ಬಳಿಯ ಕಲ್ಲುಹಾಸಿನಲ್ಲಿ ರಂಧ್ರಗಳಿವೆ. ಅಬ್ಬರದ ದಿನ ಅಲೆ ಬಂಡೆಗೆ ಅಪ್ಪಳಿಸಿದಾಗ ಕೆಳಗಿನಿಂದ ಗಾಳಿ ಮತ್ತು ನೀರಹನಿ ಈ ರಂಧ್ರಗಳ ಮೂಲಕ ಸಿಳ್ಳೆ ಹಾಕುತ್ತಾ ಚಿಮ್ಮುತ್ತವೆ. ಇಲ್ಲಿಂದ ಆ ವಿಶ್ವವಿದ್ಯಾಲಯದ ಇಬಾಯೆತಾ ಕ್ಯಾಂಪಸ್ಸಿಗೆ ನಡೆದೇ ಹೋಗಬಹುದು.

ಬೆಂಗಳೂರಿನ ನಂಟು

ಸಾನ್ ಸೆಬಾಸ್ಟಿಯನ್ ಇರುವ ಬಾಸ್ಕ್ ನಾಡು ಕರ್ನಾಟಕಕ್ಕೆ ತೀರಾ ಅಪರಿಚಿತವಲ್ಲ. ಜೆಸ್ವಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 1491ರಲ್ಲಿ ಹುಟ್ಟಿದ್ದು ಇದೇ ಗಿಪುಸ್ಕೊವಾ ಪ್ರಾಂತ್ಯದ ಅಸ್ಪೆಯ್ತಿಯಾ ಎಂಬಲ್ಲಿ. 1542ರಲ್ಲಿ ಗೋವಾಕ್ಕೆ ಬಂದಿಳಿದ ಫ್ರಾನ್ಸಿಸ್ ಕ್ಸೇವಿಯರ್ ನೆರೆಯ ನವಾರಾದವರು. ಅವರ ತಾಯ್ನುಡಿ ಬಾಸ್ಕ್. 1882ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಆಡಳಿತ 1937ರಲ್ಲಿ ಜೆಸ್ವಿಟರ ಕೈಗೆ ಬಂತು. ಬಾಸ್ಕ್ ನಾಡಿನ ಡೆವುಸ್ಟೊ ವಿಶ್ವವಿದ್ಯಾಲಯವನ್ನು ಜೆಸ್ವಿಟರು ಸ್ಥಾಪಿಸಿದ್ದು 1886ರಲ್ಲಿ. ಹೀಗೆ ಶಾಂತಿನಗರ–ರಿಚ್ಮಂಡ್ ರಸ್ತೆಯ ಆಸುಪಾಸಿನಲ್ಲಿ ಓದಿದ ಹಲವು ತಲೆಮಾರುಗಳ ಬೆಂಗಳೂರಿಗರು ಗೊತ್ತಿಲ್ಲದೆಯೇ ಬಾಸ್ಕ್ ನಾಡಿನವರೊಬ್ಬರು ಸ್ಥಾಪಿಸಿದ ಸಂಘದ ಕಾಲೇಜಿನಲ್ಲಿ ಓದಿದ್ದಾರೆ.

ಎರಡನೆಯ ನಂಟು ಯಂತ್ರಗಳದ್ದು. 1953ರಲ್ಲಿ ಎಚ್‌ಎಂಟಿ ಆರಂಭವಾದ ಮೇಲೆ ಬೆಂಗಳೂರು ದೇಶದ ಯಂತ್ರೋಪಕರಣ ತಯಾರಿಕೆಯ ಮುಖ್ಯ ಕೇಂದ್ರವಾಯಿತು. ಸ್ಪೇನಿನಲ್ಲಿ ಅದೇ ಸ್ಥಾನ ಗಿಪುಸ್ಕೊವಾದ ಎಲ್ಗೊಯ್ಬಾರ್ ಕಣಿವೆಯದು. ಅಲ್ಲಿನ ಯಂತ್ರೋಪಕರಣ ಕಂಪನಿ ದನೊಬಾತ್ ಹುಟ್ಟಿದ್ದು 1954ರಲ್ಲಿ. ಪೀಣ್ಯದ ವರ್ಕ್‌ಶಾಪುಗಳ ನಡುವೆ ಬೆಳೆದ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಆ ಕಣಿವೆ ಹೊಸತೆನಿಸದು.

ಮೂರನೆಯದು ಇತ್ತೀಚಿನದು. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಭೇಟಿ ನೀಡಿದಾಗ, ಬೆಂಗಳೂರಿನಲ್ಲಿ ಸ್ಪೇನಿನ ಕಾನ್ಸುಲೇಟ್ ತೆರೆಯುವ ನಿರ್ಧಾರವನ್ನು ಎರಡೂ ದೇಶಗಳ ಜಂಟಿ ಹೇಳಿಕೆಯಲ್ಲಿ ಪ್ರಕಟಿಸಲಾಯಿತು. ಸ್ಪೇನಿನತ್ತ ನೋಡುವ ಕರ್ನಾಟಕದ ವಿದ್ಯಾರ್ಥಿಗಳ ಮಟ್ಟಿಗೆ ಇದು ದೊಡ್ಡ ಸುದ್ದಿ.

ಎಲ್ಲಿ, ಏನು ಕಲಿಯಬಹುದು

ಊರಿನ ದೊಡ್ಡ ಸಾರ್ವಜನಿಕ ವಿದ್ಯಾಸಂಸ್ಥೆ ಬಾಸ್ಕ್ ನಾಡಿನ ವಿಶ್ವವಿದ್ಯಾಲಯ. 1980ರಲ್ಲಿ ಈಗಿನ ಹೆಸರು ಮತ್ತು ರೂಪ ಪಡೆದ ಇದಕ್ಕೆ ಮೂರು ಪ್ರಾಂತ್ಯಗಳಲ್ಲಿ ಮೂರು ಕ್ಯಾಂಪಸ್‌ಗಳಿವೆ. ಗಿಪುಸ್ಕೊವಾ ಕ್ಯಾಂಪಸ್ಸಿನ ಹೃದಯ ಇಬಾಯೆತಾ. ಕಂಪ್ಯೂಟರ್ ವಿಜ್ಞಾನ, ರಸಾಯನ ವಿಜ್ಞಾನ, ಮನಶ್ಶಾಸ್ತ್ರ, ಕಾನೂನು, ವಾಸ್ತುಶಿಲ್ಪ, ಶಿಕ್ಷಣ ವಿಭಾಗಗಳು ಇಲ್ಲಿವೆ. ಡೆವುಸ್ಟೊ ವಿಶ್ವವಿದ್ಯಾಲಯದ ಕ್ಯಾಂಪಸ್ ಉರುಮೇಯಾ ದಂಡೆಯ ಮುಂದಾಯಿಸ್‌ನಲ್ಲಿದೆ. ನವಾರಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಶಾಲೆ ತೆಕ್ನುನ್ 1961ರಿಂದ ನಡೆಯುತ್ತಿದೆ. ಸಂಗೀತಕ್ಕೆ 2001ರಲ್ಲಿ ಆರಂಭವಾದ ಮುಸಿಕೆನೆ ಇದೆ.

ಅಡುಗೆಯನ್ನು ನಾಲ್ಕು ವರ್ಷಗಳ ಪದವಿಯಾಗಿ ಕಲಿಸುವ ಬಾಸ್ಕ್ ಕಲಿನರಿ ಸೆಂಟರ್ 2011ರಲ್ಲಿ ಬಾಗಿಲು ತೆರೆಯಿತು. ಹ್ವಾನ್ ಮಾರಿ ಅರ್ಸಾಕ್, ಪೆದ್ರೊ ಸುಬಿಹಾನಾ, ಮಾರ್ತಿನ್ ಬೆರಸಾತೆಗಿ ಮುಂತಾದ ಹೆಸರಾಂತ ಬಾಣಸಿಗರು ಇದರ ಹಿಂದಿದ್ದಾರೆ. ಇದು ಮೊಂದ್ರಾಗೊನ್ ವಿಶ್ವವಿದ್ಯಾಲಯದ ಅಂಗ. ಮೊಂದ್ರಾಗೊನ್ ಎಂದರೆ ಸಹಕಾರಿ ಕ್ಷೇತ್ರದ ದೊಡ್ಡ ಹೆಸರು. ಹೊಸೆ ಮರಿಯಾ ಅರಿಸ್ಮೆಂದಿಯರಿಯೆತಾ ಎಂಬ ಪಾದ್ರಿ 1943ರಲ್ಲಿ ಒಂದು ಸಣ್ಣ ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಹುಡುಗರು 1956ರಲ್ಲಿ ಕಾರ್ಮಿಕರೇ ಮಾಲೀಕರಾದ ಕಾರ್ಖಾನೆ ಕಟ್ಟಿದರು. ಇಂದು ಅದು ಜಗತ್ತಿನ ಅತಿ ದೊಡ್ಡ ಕಾರ್ಮಿಕ ಸಹಕಾರಿ ಸಮೂಹಗಳಲ್ಲಿ ಒಂದು. ಸಹಕಾರ ಚಳವಳಿಯ ಹಳೆಯ ಪರಂಪರೆಯಿರುವ ಕರ್ನಾಟಕದ ವಾಣಿಜ್ಯ, ಸಮಾಜಶಾಸ್ತ್ರ ವಿದ್ಯಾರ್ಥಿಗಳು ಇಲ್ಲಿ ಕಲಿಯುವುದು ಬಹಳಷ್ಟಿದೆ.

ಸಂಶೋಧನೆಗೆ ಹೋಗುವವರ ದಾರಿ ಬೇರೆ. ಭೌತವಿಜ್ಞಾನಿ ಪೆದ್ರೊ ಮಿಗೆಲ್ ಎಚೆನಿಕೆ ಮುಂದಾಳತ್ವದಲ್ಲಿ ರೂಪುಗೊಂಡ ದೊನೊಸ್ತಿಯಾ ಅಂತರರಾಷ್ಟ್ರೀಯ ಭೌತವಿಜ್ಞಾನ ಕೇಂದ್ರ, ನ್ಯಾನೊ ವಿಜ್ಞಾನಕ್ಕೆ ಮೀಸಲಾದ ನ್ಯಾನೊಗುನೆ ಎರಡೂ ಇಬಾಯೆತಾದಲ್ಲಿವೆ. ಮಿರಾಮೊನ್ ತಂತ್ರಜ್ಞಾನ ಪಾರ್ಕಿನಲ್ಲಿರುವ ಅರಿವು, ಮಿದುಳು ಮತ್ತು ಭಾಷೆಯ ಬಾಸ್ಕ್ ಕೇಂದ್ರ ಎರಡು ಭಾಷೆ ಆಡುವವರ ಮಿದುಳಿನ ಕೆಲಸವನ್ನು ಅಧ್ಯಯನ ಮಾಡುತ್ತದೆ. ಈ ಕೇಂದ್ರಗಳಲ್ಲಿ ಕೆಲಸದ ಭಾಷೆ ಬಹುಪಾಲು ಇಂಗ್ಲಿಷ್.

ಯುರೋಪಿನ ಎರಾಸ್ಮಸ್ ಮುಂಡುಸ್ ಜಂಟಿ ಸ್ನಾತಕೋತ್ತರ ಯೋಜನೆ ಮತ್ತೊಂದು ಬಾಗಿಲು. ಭಾಷಾ ತಂತ್ರಜ್ಞಾನ, ಸಾಗರ ಪರಿಸರದಂಥ ವಿಷಯಗಳ ಒಕ್ಕೂಟಗಳಲ್ಲಿ ಬಾಸ್ಕ್ ನಾಡಿನ ವಿಶ್ವವಿದ್ಯಾಲಯ ಪಾಲುದಾರ. ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ. ತಿಂಗಳಿಗೆ 1,400 ಯೂರೊ ಸಿಗುತ್ತದೆ. ಈ ವಿದ್ಯಾರ್ಥಿವೇತನ ಪಡೆಯುವ ದೇಶಗಳ ಸಾಲಿನಲ್ಲಿ ಭಾರತ ಮುಂಚೂಣಿಯಲ್ಲಿದೆ.

ನೆಂಟರಿಲ್ಲದ ಭಾಷೆ

ಬಾಸ್ಕ್ ಭಾಷೆಯನ್ನು ಅದನ್ನಾಡುವವರು ಎವುಸ್ಕರ ಎನ್ನುತ್ತಾರೆ. ಸ್ಪ್ಯಾನಿಷ್, ಫ್ರೆಂಚ್‌ಗಳ ನಡುವೆ ಇದ್ದರೂ ಅವುಗಳಿಗೂ ಇದಕ್ಕೂ ರಕ್ತಸಂಬಂಧವಿಲ್ಲ. ಜಗತ್ತಿನ ಯಾವ ಭಾಷಾ ಕುಟುಂಬದೊಂದಿಗೂ ಇದರ ಸಂಬಂಧ ಸಾಬೀತಾಗಿಲ್ಲ. ಸ್ಪೇನಿನ ನಾಲ್ಕು, ಫ್ರಾನ್ಸಿನ ಮೂರು ಪ್ರಾಂತ್ಯಗಳಲ್ಲಿ ಹರಡಿರುವ ಇದನ್ನಾಡುವವರು ಏಳೆಂಟು ಲಕ್ಷ ಜನ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ.

ಕನ್ನಡ ಬಲ್ಲವರಿಗೆ ಬಾಸ್ಕ್ ವ್ಯಾಕರಣದ ಕೆಲವು ಅಂಶಗಳು ಸಲೀಸು. ಇಲ್ಲಿಯೂ ನಾಮಪದದ ಬೆನ್ನಿಗೆ ಪ್ರತ್ಯಯ ಹತ್ತುತ್ತದೆ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಮನೆಗೆ ಅವರ ಪದ ಎಚೆ. ಎಚೆಯಾನ್ ಎಂದರೆ ಮನೆಯಲ್ಲಿ, ಎಚೆರಾ ಎಂದರೆ ಮನೆಗೆ, ಎಚೆತಿಕ್ ಎಂದರೆ ಮನೆಯಿಂದ. ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ತಾಯ್ನುಡಿಯವರು ತಿಣುಕುವ ಈ ಜಾಗವನ್ನು ಕನ್ನಡಿಗರು ಸರಾಗವಾಗಿ ದಾಟುತ್ತಾರೆ. ಕರ್ತೃ, ಕರ್ಮ, ಸಂಪ್ರದಾನ ಮೂರನ್ನೂ ಒಂದೇ ಕ್ರಿಯಾಪದದೊಳಗೆ ತುಂಬುವ ಅದರ ರೀತಿ ಮಾತ್ರ ಎಲ್ಲರಿಗೂ ಕಷ್ಟವೇ. ಈ ಹೋಲಿಕೆ ರಚನೆಯದಷ್ಟೇ. ಬಾಸ್ಕ್‌ಗೂ ದ್ರಾವಿಡ ಭಾಷೆಗಳಿಗೂ ನಂಟು ಕಟ್ಟುವ ಪ್ರಯತ್ನಗಳು ಹಿಂದೆ ನಡೆದಿದ್ದರೂ ಭಾಷಾವಿಜ್ಞಾನಿಗಳು ಅವನ್ನು ಒಪ್ಪಿಲ್ಲ.

ಸ್ಪೇನನ್ನು ಆಳಿದ ಫ್ರಾಂಕೊನ ಸರ್ವಾಧಿಕಾರದ ಕಾಲ ಈ ಭಾಷೆಗೆ ಕತ್ತಲೆಯ ಕಾಲ. ಸ್ಪೇನಿನ ಅಂತರ್ಯುದ್ಧದ ನಡುವೆ, 1937ರ ಏಪ್ರಿಲ್ 26ರಂದು, ಬಾಸ್ಕರ ಪಾಲಿಗೆ ಪವಿತ್ರವಾದ ಗೆರ್ನಿಕಾ ಪಟ್ಟಣ ಬಾಂಬ್ ದಾಳಿಗೆ ಉರಿಯಿತು. ಯುದ್ಧ ಮುಗಿದ ಮೇಲೆ ಶಾಲೆ, ಕಚೇರಿ, ಸಾರ್ವಜನಿಕ ಬದುಕಿನಿಂದ ಭಾಷೆಯನ್ನು ಹೊರಗಟ್ಟಲಾಯಿತು. 1940ರ ದಶಕದಲ್ಲಿ ಇದೇ ದೊನೊಸ್ತಿಯಾದಲ್ಲಿ ಎಲ್ಬಿರಾ ಸಿಪಿತ್ರಿಯಾ ಎಂಬ ಶಿಕ್ಷಕಿ ಮನೆಯೊಳಗೆ ಬೆರಳೆಣಿಕೆಯ ಮಕ್ಕಳನ್ನು ಕೂಡಿಸಿಕೊಂಡು ಬಾಸ್ಕ್‌ನಲ್ಲಿ ಪಾಠ ಮಾಡಿದರು. ಅವರ ದಾರಿಯಲ್ಲಿ ಮುಂದೆ ಪೋಷಕರೇ ಹಣ ಹಾಕಿ ಬಾಸ್ಕ್ ಮಾಧ್ಯಮ ಶಾಲೆಗಳನ್ನು ಕಟ್ಟಿದರು. ಇವಕ್ಕೆ ಇಕಾಸ್ತೊಲಾ ಎಂದು ಹೆಸರು. ಉಪಭಾಷೆಗಳಾಗಿ ಚದುರಿದ್ದ ಭಾಷೆಗೆ ಒಂದು ಸಮಾನ ಬರಹರೂಪ ಕೊಡುವ ನಿರ್ಧಾರ 1968ರಲ್ಲಿ ಅರಾಂತ್ಸಾಸು ಮಠದಲ್ಲಿ ನಡೆದ ಸಭೆಯಲ್ಲಿ ಆಯಿತು. ಅದರ ಹಿಂದಿದ್ದ ಮುಖ್ಯ ವಿದ್ವಾಂಸ ಕೋಲ್ದೊ ಮಿಚೆಲೆನಾ. 1975ರಲ್ಲಿ ಫ್ರಾಂಕೊ ಸತ್ತ ಬಳಿಕ, 1979ರ ಗೆರ್ನಿಕಾ ಸ್ವಾಯತ್ತ ಶಾಸನ ಬಾಸ್ಕ್‌ಗೆ ಅಧಿಕೃತ ಸ್ಥಾನ ಕೊಟ್ಟಿತು.

1982: ಎರಡು ನಾಡು, ಒಂದೇ ಪ್ರಶ್ನೆ

ಕನ್ನಡಿಗರು 1982ನ್ನು ಮರೆಯುವುದಿಲ್ಲ. ಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂಬ ಗೋಕಾಕ್ ವರದಿಯ ಜಾರಿಗಾಗಿ ಆ ವರ್ಷ ನಾಡೇ ಬೀದಿಗಿಳಿಯಿತು. ಡಾ. ರಾಜ್‌ಕುಮಾರ್ ಮುಂದೆ ನಿಂತರು. ಅದೇ ವರ್ಷದ ನವೆಂಬರ್ 24ರಂದು ಬಾಸ್ಕ್ ಸಂಸತ್ತು ತನ್ನ ಭಾಷೆಯ ಬಳಕೆಯನ್ನು ಸಹಜ ಸ್ಥಿತಿಗೆ ತರುವ ಮೂಲ ಕಾಯ್ದೆಯನ್ನು ಅಂಗೀಕರಿಸಿತು. ವರ್ಷದ ಕೊನೆಯ ದಿನ ಬಾಸ್ಕ್ ದೂರದರ್ಶನ ಪ್ರಸಾರ ಶುರುವಾಯಿತು.

ಆ ಕಾಯ್ದೆಯ ಬೆನ್ನಿಗೆ ಶಾಲೆಗಳಲ್ಲಿ ಮೂರು ಮಾದರಿಗಳು ಬಂದವು. ‘ಎ’ ಮಾದರಿಯಲ್ಲಿ ಸ್ಪ್ಯಾನಿಷ್ ಮಾಧ್ಯಮ, ಬಾಸ್ಕ್ ಒಂದು ವಿಷಯ. ‘ಬಿ’ ಮಾದರಿಯಲ್ಲಿ ಎರಡೂ ಮಾಧ್ಯಮ. ‘ಡಿ’ ಮಾದರಿಯಲ್ಲಿ ಬಾಸ್ಕ್ ಮಾಧ್ಯಮ, ಸ್ಪ್ಯಾನಿಷ್ ಒಂದು ವಿಷಯ. ಆಯ್ಕೆ ಪೋಷಕರದು. ಆರಂಭದಲ್ಲಿ ‘ಎ’ ಮಾದರಿಗೆ ಹೆಚ್ಚು ಮಕ್ಕಳಿದ್ದರು; ಈಗ ಬಹುಪಾಲು ಪೋಷಕರು ‘ಡಿ’ ಆರಿಸುತ್ತಾರೆ. ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಕುಟುಂಬಗಳೂ ಮಕ್ಕಳನ್ನು ಬಾಸ್ಕ್ ಮಾಧ್ಯಮಕ್ಕೆ ಕಳಿಸುತ್ತವೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕರ್ನಾಟಕದ ಮುಂದಿರುವ ದಾರಿಯೂ ಪೋಷಕರ ಮನವೊಲಿಕೆಯದೇ. ಸರ್ಕಾರಿ ನೌಕರಿ, ಉನ್ನತ ಶಿಕ್ಷಣ, ಶಿಕ್ಷಕರ ತರಬೇತಿ, ಮಾಧ್ಯಮ ಇವೆಲ್ಲದರಲ್ಲೂ ಬಾಸ್ಕ್‌ಗೆ ಜಾಗ ಮಾಡಿಕೊಟ್ಟಿದ್ದರಿಂದಲೇ ಅಲ್ಲಿ ಆ ಮನವೊಲಿಕೆ ಗೆದ್ದಿತು. ಸಮಸ್ಯೆ ಮುಗಿದಿಲ್ಲ: ಶಾಲೆಯಲ್ಲಿ ಬಾಸ್ಕ್ ಕಲಿತ ಯುವಕರು ಬೀದಿಯಲ್ಲಿ ಸ್ಪ್ಯಾನಿಷ್‌ಗೆ ಜಾರುತ್ತಾರೆ ಎಂಬುದು ಅಲ್ಲಿನ ದಿನನಿತ್ಯದ ಚರ್ಚೆ.

ಭಾಷೆಯನ್ನು ಕಂಪ್ಯೂಟರ್‌ಗೆ ಒಗ್ಗಿಸುವ ಕೆಲಸವೂ ಇದೇ ಊರಿನಲ್ಲಿ ಬಲವಾಗಿ ನಡೆದಿದೆ. ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ 1980ರ ದಶಕದ ಕೊನೆಯಲ್ಲಿ ಆರಂಭವಾದ ಇಶಾ ಗುಂಪು ಬಾಸ್ಕ್‌ಗೆ ಪದಪರೀಕ್ಷಕ, ವ್ಯಾಕರಣ ವಿಶ್ಲೇಷಕ, ಯಂತ್ರಾನುವಾದದಂಥ ಸಾಧನಗಳನ್ನು ಕಟ್ಟಿತು. ಅದರ ಮುಂದುವರಿಕೆಯಾದ ಹಿತ್ಸ್ ಕೇಂದ್ರ 2024ರಲ್ಲಿ ಲಾಚಾ ಎಂಬ ಬಾಸ್ಕ್ ಭಾಷಾ ಮಾದರಿಯನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಅಂತರ್ಜಾಲದಲ್ಲಿ ಪಠ್ಯ ಕಡಿಮೆ ಇರುವ ಭಾಷೆಗೆ ಕೃತಕ ಬುದ್ಧಿಮತ್ತೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಕನ್ನಡದ್ದೂ ಹೌದು. ಬೆಂಗಳೂರಿನ ಕಂಪ್ಯೂಟರ್ ಪದವೀಧರರು ಅಲ್ಲಿ ಕಲಿತದ್ದನ್ನು ನೇರವಾಗಿ ಕನ್ನಡಕ್ಕೆ ತರಬಹುದು.

ವಿದೇಶಿ ವಿದ್ಯಾರ್ಥಿಗಳ ಹಳೆಯ ದಾರಿ

ಬಾಸ್ಕ್ ನಾಡಿಗೆ ವಿದ್ಯಾರ್ಥಿಗಳನ್ನು ಕಳಿಸುವ ಪದ್ಧತಿ ಅಮೆರಿಕದಲ್ಲಿ ಗಟ್ಟಿಯಾಗಿ ಬೇರೂರಿತು. ಕುರಿ ಕಾಯಲು ಐಡಾಹೊ, ನೆವಾಡಾಗಳಿಗೆ ವಲಸೆ ಹೋದ ಬಾಸ್ಕರ ಮೊಮ್ಮಕ್ಕಳು ತಮ್ಮ ಬೇರು ಹುಡುಕತೊಡಗಿದ್ದರು. ನೆವಾಡಾ ವಿಶ್ವವಿದ್ಯಾಲಯ 1967ರಲ್ಲಿ ಬಾಸ್ಕ್ ಅಧ್ಯಯನ ವಿಭಾಗ ತೆರೆಯಿತು. 1974ರಲ್ಲಿ ಬೊಯ್ಸಿ ಸ್ಟೇಟ್ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳನ್ನು ಗಿಪುಸ್ಕೊವಾದ ಒನ್ಯಾತಿ ಪಟ್ಟಣಕ್ಕೆ ಕರೆತಂದಿತು. 1980ರ ದಶಕದ ಆರಂಭದಲ್ಲಿ ಈ ಎರಡೂ ವಿಶ್ವವಿದ್ಯಾಲಯಗಳ ಆಸಕ್ತಿ ಸೇರಿ ಸಾನ್ ಸೆಬಾಸ್ಟಿಯನ್‌ನಲ್ಲಿ ಅಮೆರಿಕನ್ ವಿದ್ಯಾರ್ಥಿಗಳ ಕಾರ್ಯಕ್ರಮ ರೂಪುಗೊಂಡಿತು. ಸ್ಪ್ಯಾನಿಷ್ ಪಾಠದ ಜೊತೆಗೆ ಬಾಸ್ಕ್ ಭಾಷೆ, ಇತಿಹಾಸ, ಅಡುಗೆ ಅದರ ಭಾಗ. ಅಮೆರಿಕದಲ್ಲಿ ಬೆಳೆದ ಕನ್ನಡ ಕುಟುಂಬಗಳ ಮಕ್ಕಳಿಗೆ ಒಂದು ಸೆಮಿಸ್ಟರ್ ಮಟ್ಟಿಗೆ ಇದು ಹತ್ತಿರದ ದಾರಿ. ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಪೂರ್ಣ ಸ್ನಾತಕೋತ್ತರ ಪದವಿ ಅಥವಾ ಪಿಎಚ್‌.ಡಿ.ಗೆ ಹೋಗುತ್ತಾರೆ.

ಅರ್ಜಿ, ಕಾಗದಪತ್ರ, ವೀಸಾ

ಪದವಿ ಹಂತದ ಪಾಠ ಬಹುಪಾಲು ಸ್ಪ್ಯಾನಿಷ್ ಅಥವಾ ಬಾಸ್ಕ್‌ನಲ್ಲಿ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಕೆಲವು ವಿಷಯಗಳಷ್ಟೇ. ಸ್ನಾತಕೋತ್ತರ ಹಂತದಲ್ಲಿ ಇಂಗ್ಲಿಷ್ ಕೋರ್ಸ್‌ಗಳು ಹೆಚ್ಚು. ಆದ್ದರಿಂದ ಪಿಯುಸಿ ಮುಗಿಸಿ ನೇರ ಹೋಗಬಯಸುವವರಿಗೆ ಸ್ಪ್ಯಾನಿಷ್ ಅನಿವಾರ್ಯ. ಸ್ಪ್ಯಾನಿಷ್ ಜ್ಞಾನಕ್ಕೆ ಜಗತ್ತಿನೆಲ್ಲೆಡೆ ಒಪ್ಪಿತವಾದ ಪ್ರಮಾಣಪತ್ರ ‘ಡೆಲೆ’. ಅದನ್ನು ಕೊಡುವ ಸೆರ್ವಾಂತೆಸ್ ಸಂಸ್ಥೆಯ ಭಾರತದ ಕೇಂದ್ರ ನವದೆಹಲಿಯಲ್ಲಿದೆ. ‘ಎ1’ನಿಂದ ‘ಸಿ2’ವರೆಗೆ ಆರು ಹಂತಗಳಿವೆ, ಪಾಠ ಕೇಳಿ ಅರ್ಥವಾಗಲು ‘ಬಿ2’ ಮಟ್ಟ ಬೇಕಾಗುತ್ತದೆ.

ಆರು ತಿಂಗಳು ಮೀರಿದ ವಿದ್ಯಾರ್ಥಿ ವೀಸಾಕ್ಕೆ ಪ್ರವೇಶ ಪತ್ರ, ಆರೋಗ್ಯ ವಿಮೆ, ವೈದ್ಯಕೀಯ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಮತ್ತು ಖರ್ಚಿಗೆ ಹಣ ಇದೆ ಎಂಬ ದಾಖಲೆ ಬೇಕು. ಹಣದ ಲೆಕ್ಕಕ್ಕೆ ಸ್ಪೇನ್ ಒಂದು ಸೂಚ್ಯಂಕವನ್ನು ಇಟ್ಟುಕೊಂಡಿದೆ. 2023ರಲ್ಲಿ ಅದನ್ನು ತಿಂಗಳಿಗೆ 600 ಯೂರೊಗೆ ಏರಿಸಲಾಯಿತು. ಅಂಕಪಟ್ಟಿ, ಪೊಲೀಸ್ ಪತ್ರಗಳಿಗೆ ಭಾರತದ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಹಾಕಿಸಬೇಕು. ಹಲವು ಪತ್ರಗಳಿಗೆ ಸ್ಪ್ಯಾನಿಷ್ ಅಧಿಕೃತ ಅನುವಾದವೂ ಬೇಕು. ಇದಕ್ಕೆಲ್ಲ ತಿಂಗಳುಗಳೇ ಹಿಡಿಯುವುದರಿಂದ ಪ್ರವೇಶ ಪತ್ರ ಕೈಗೆ ಬರುವ ಮೊದಲೇ ಓಡಾಟ ಶುರುಮಾಡುವುದು ಜಾಣತನ. ಸ್ಪೇನ್ ತಲುಪಿದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಉನ್ನತ ಶಿಕ್ಷಣ ಪಡೆಯುವವರು ವಾರಕ್ಕೆ 30 ಗಂಟೆಯವರೆಗೆ ಕೆಲಸ ಮಾಡಲು ಅವಕಾಶವಿದೆ.

ಬಾಡಿಗೆ, ಮಳೆ, ಊಟ

ಸಾನ್ ಸೆಬಾಸ್ಟಿಯನ್ ಸ್ಪೇನಿನ ಅತಿ ದುಬಾರಿ ಊರುಗಳಲ್ಲಿ ಒಂದು. ವೀಸಾಕ್ಕೆ ತೋರಿಸುವ 600 ಯೂರೊದಲ್ಲಿ ಇಲ್ಲಿ ತಿಂಗಳು ಕಳೆಯುವುದು ಕಷ್ಟ. ಬೇಸಿಗೆಯಲ್ಲಿ ಪ್ರವಾಸಿಗರು ತುಂಬುವುದರಿಂದ ಅನೇಕ ಮನೆಮಾಲೀಕರು ವಿದ್ಯಾರ್ಥಿಗಳಿಗೆ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಮಾತ್ರ ಕೋಣೆ ಕೊಡುತ್ತಾರೆ. ಬಿಟಿಎಂ ಲೇಔಟ್‌ನ ಪಿ.ಜಿ.ಗಳಂತೆ ಊಟ ಸಹಿತ ಕೋಣೆ ಸಿಗುವುದು ಅಪರೂಪ. ಇಬ್ಬರು ಮೂವರು ಸೇರಿ ಮನೆ ಹಿಡಿದು ಅಡುಗೆ ಮಾಡಿಕೊಳ್ಳುವುದೇ ವಾಡಿಕೆ. ಹತ್ತಿರದ ಎರ್ರೆಂತೆರಿಯಾ, ಇರುನ್ ಪಟ್ಟಣಗಳಲ್ಲಿ ಬಾಡಿಗೆ ಕಡಿಮೆ. ಜನ ‘ತೊಪೊ’ ಎಂದು ಕರೆಯುವ ಪುಟ್ಟ ರೈಲು ಅವನ್ನು ಊರಿಗೆ ಜೋಡಿಸುತ್ತದೆ.

ಸ್ಪೇನ್ ಎಂದರೆ ಬಿಸಿಲು ಎಂದುಕೊಂಡು ಬಂದವರನ್ನು ಈ ಊರು ಮಳೆಯಿಂದ ಸ್ವಾಗತಿಸುತ್ತದೆ. ವರ್ಷಕ್ಕೆ 1,500 ಮಿಲಿಮೀಟರ್ ಆಸುಪಾಸು ಬೀಳುವ ಮಳೆ ಎಲ್ಲ ತಿಂಗಳಿಗೂ ಹಂಚಿಕೊಂಡಿರುತ್ತದೆ. ಸಿರಿಮಿರಿ ಎಂದು ಕರೆಯುವ ತುಂತುರು ದಿನಗಟ್ಟಲೆ ಬಿಡದು. ಚಳಿಗಾಲ ಕಟುವಲ್ಲ, ಒದ್ದೆ. ಒಳ್ಳೆಯ ಮಳೆಕೋಟು ಮತ್ತು ನೀರು ಹೋಗದ ಶೂ ಮೊದಲ ಖರೀದಿ.

ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತರ ಮೇಲೆ. ಹಳೆಯ ಊರಿನ ಬಾರ್ ಕೌಂಟರುಗಳಲ್ಲಿ ಬ್ರೆಡ್ ತುಂಡಿನ ಮೇಲೆ ಚುಚ್ಚಿಟ್ಟ ಪಿಂಚೊ ಎಂಬ ತಿನಿಸುಗಳ ಸಾಲು ನೋಡಲು ಚೆಂದ, ಆದರೆ ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಹಸಿರು ಮೆಣಸಿನಕಾಯಿ, ಆಲಿವ್ ಪೋಣಿಸಿದ ಹಿಲ್ದಾ ಎಂಬ ಪಿಂಚೊದಲ್ಲಿ ಆಂಚೊವಿ ಮೀನು ಇರುತ್ತದೆ. ಮನೆಯಲ್ಲಿ ಅಡುಗೆ ಮಾಡುವವರಿಗೆ ಮಾತ್ರ ಮಾರುಕಟ್ಟೆ ಸಮೃದ್ಧ: ತೊಲೊಸಾದ ಕಪ್ಪು ಬೀನ್ಸ್ ಬೀಜ, ಇಬಾರ್ರಾದ ಎಳೆ ಮೆಣಸಿನಕಾಯಿ, ಕುರಿಹಾಲಿನ ಇದಿಯಾಸಾಬಾಲ್ ಚೀಸ್. ಹೋಟೆಲಿನಲ್ಲಿ ತೊಲೊಸಾ ಬೀಜವನ್ನು ಸಾಮಾನ್ಯವಾಗಿ ಹಂದಿಮಾಂಸದೊಂದಿಗೆ ಬೇಯಿಸುತ್ತಾರೆ. ಮನೆಯಲ್ಲಿ ಅದಕ್ಕೇ ಒಗ್ಗರಣೆ ಕೊಟ್ಟರೆ ಒಳ್ಳೆಯ ಸಾರು.

ಊರಿನ ದೊಡ್ಡ ಹಬ್ಬ ಜನವರಿ 20ರ ತಂಬೊರ್ರಾದಾ. 19ರ ನಡುರಾತ್ರಿ 12 ಹೊಡೆದೊಡನೆ ಕಾನ್ಸ್ಟಿಟ್ಯೂಷನ್ ಚೌಕದಲ್ಲಿ ಬಾವುಟ ಏರುತ್ತದೆ. ಹಳೆಯ ಕಾಲದ ಸೈನಿಕರ ವೇಷದವರು ಡೋಲು, ಬಾಣಸಿಗರ ಬಿಳಿ ಟೋಪಿಯವರು ಮರದ ಪೀಪಾಯಿ ಬಡಿಯುತ್ತಾ 24 ಗಂಟೆ ಊರೆಲ್ಲ ಸುತ್ತುತ್ತಾರೆ. ಚೌಕದ ಸುತ್ತಲ ಬಾಲ್ಕನಿಗಳಿಗೆ ಇಂದಿಗೂ ನಂಬರುಗಳಿವೆ. ಗೂಳಿಕಾಳಗ ಅಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಅವು ಪ್ರೇಕ್ಷಕರ ಆಸನಗಳಾಗಿದ್ದವು. ಜುಲೈಯಲ್ಲಿ 1966ರಿಂದ ನಡೆಯುವ ಜಾಜ್ ಉತ್ಸವ, ಸೆಪ್ಟೆಂಬರ್‌ನಲ್ಲಿ 1953ರಿಂದ ನಡೆಯುವ ಚಲನಚಿತ್ರೋತ್ಸವ ಇವೆ. ಈ ಹಬ್ಬಗಳ ಊರು ಹಿಂದೆ ಪ್ರತ್ಯೇಕತಾವಾದಿ ಸಂಘಟನೆ ಇಟಿಎಯ ಹಿಂಸೆಯಿಂದ ನಲುಗಿತ್ತು. ಆ ಸಂಘಟನೆ 2011ರಲ್ಲಿ ಸಶಸ್ತ್ರ ಹೋರಾಟ ನಿಲ್ಲಿಸುವುದಾಗಿ ಘೋಷಿಸಿ 2018ರಲ್ಲಿ ವಿಸರ್ಜನೆಗೊಂಡಿತು.

ಯಾರಿಗೆ ಹೊಂದುತ್ತದೆ

ಕಡಿಮೆ ಖರ್ಚಿನಲ್ಲಿ ಸ್ಪ್ಯಾನಿಷ್ ಮಾತ್ರ ಕಲಿಯಬೇಕೆನ್ನುವವರಿಗೆ ಸಲಮಾಂಕಾ, ಗ್ರನಾದಾದಂಥ ಊರುಗಳೇ ಮೇಲು. ಭೌತವಿಜ್ಞಾನ, ಭಾಷಾ ತಂತ್ರಜ್ಞಾನ, ಮಿದುಳು ವಿಜ್ಞಾನ, ಯಂತ್ರೋಪಕರಣ, ಪಾಕಶಾಸ್ತ್ರ, ಸಹಕಾರಿ ಉದ್ಯಮ ಇವುಗಳಲ್ಲಿ ಆಸಕ್ತಿಯಿರುವವರಿಗೆ ದೊನೊಸ್ತಿಯಾ ಮತ್ತು ಸುತ್ತಲಿನ ಪಟ್ಟಣಗಳು ಉತ್ತಮ ಆಯ್ಕೆ. ಹೊರಡುವ ಮೊದಲು ಕನಿಷ್ಠ ಒಂದು ವರ್ಷ ಸ್ಪ್ಯಾನಿಷ್ ಕಲಿತಿರಬೇಕು. ತಲುಪಿದ ಮೇಲೆ ಮೊದಲ ಸೆಮಿಸ್ಟರ್‌ನಲ್ಲೇ ಬಾಸ್ಕ್ ಪ್ರಾಥಮಿಕ ತರಗತಿಗೆ ಸೇರಬೇಕು. ವಯಸ್ಕರಿಗೆ ಬಾಸ್ಕ್ ಕಲಿಸುವ ಎವುಸ್ಕಲ್ತೆಗಿ ಎಂಬ ಶಾಲೆಗಳು ಊರಿನಲ್ಲಿವೆ. ವಿದೇಶಿಯರು ನಾಲ್ಕು ಮಾತು ಬಾಸ್ಕ್‌ನಲ್ಲಿ ಆಡಿದರೂ ಅಲ್ಲಿನವರು ಹತ್ತಿರ ಕರೆದುಕೊಳ್ಳುತ್ತಾರೆ.

ಬೆಂಗಳೂರಿನ ಸಿದ್ದಾಪುರದ ಒಂದು ಬೀದಿ ದಾಟುವಷ್ಟರಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಹೀಗೆ ಹಲವು ನುಡಿಗಳ ನಡುವೆ ಬೆಳೆದ ದಕ್ಷಿಣ ಬೆಂಗಳೂರಿನ ಯುವಜನರಿಗೆ ಎರಡು ಭಾಷೆಯ ಊರಿಗೆ ಹೊಂದಿಕೊಳ್ಳುವುದು ಕಷ್ಟವಲ್ಲ. ಆದರೆ ಅಲ್ಲಿ ಇಂಗ್ಲಿಷ್ ಒಂದನ್ನೇ ನೆಚ್ಚಿ ಎರಡು ವರ್ಷ ಕಳೆದರೆ ಕೈಗೆ ಬರುವುದು ಪದವಿ ಪತ್ರ ಮಾತ್ರ. ಸ್ಪ್ಯಾನಿಷ್ ಕಲಿತರೆ ಉದ್ಯೋಗದ ದಾರಿ ತೆರೆಯುತ್ತದೆ. ಬಾಸ್ಕ್ ಭಾಷೆ ಕಲಿತು ಅದರ ಶಾಲೆ, ನಿಘಂಟು, ತಂತ್ರಾಂಶಗಳ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಕನ್ನಡದ ಶಾಲೆಗೂ ಕನ್ನಡದ ಕಂಪ್ಯೂಟರ್‌ಗೂ ಬೇಕಾದ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.